ಹಿಮ ಬೀಳೋ ಊರಲ್ಲಿ ಮೊದಲ ಬಸಿರು: ಓಡಾಟ, ಬಟ್ಟೆ, ಮನೆಯ ಗಾಳಿ, ಆಸ್ಪತ್ರೆ ದಾರಿ

ಪ್ರಶ್ನೆ (ಇಪ್ಪತ್ತಾರನೇವಾರ):

ಎಲ್ಲರಿಗೂ ನಮಸ್ಕಾರ. ಮೊದಲ ಬಸಿರು, ಈಗ 26 ವಾರ. ಹೆರಿಗೆಯ ದಿನ ಸರಿಯಾಗಿ ಕೊರೆಯುವ ಚಳಿಯ ನಡುವೆ ಬೀಳುತ್ತೆ. ಇಲ್ಲಿ ವಾರಗಟ್ಟಲೆ ಉಷ್ಣತೆ ಸೊನ್ನೆಯಿಂದ ಮೇಲೆ ಏಳಲ್ಲ, ಕಾಲುದಾರಿ ತುಂಬ ಮಂಜುಗಡ್ಡೆ. ಕೆಲಸಕ್ಕೆ ಹೋಗಲು ದಿನಾ ಬಸ್ ಸ್ಟಾಪಿನವರೆಗೆ ನಡೆಯಲೇಬೇಕು. ಕೋಟಿನ ಜಿಪ್ ಈಗಲೇ ಹೊಟ್ಟೆ ಮೇಲೆ ಕೂಡ್ತಿಲ್ಲ. ಮನೇಲಿ ಇಡೀ ದಿನ ಹೀಟರ್, ಮೂಗು ಒಣಗಿ ಬೆಳಿಗ್ಗೆ ರಕ್ತ ಕಾಣುತ್ತೆ, ಮೈಯೆಲ್ಲ ತುರಿಕೆ. ಆಸ್ಪತ್ರೆಗೆ ಕಾರಿನಲ್ಲಿ 40 ನಿಮಿಷ.

"ಹುಷಾರಾಗಿರಿ" ಅಂತ ಎಲ್ಲರೂ ಹೇಳ್ತಾರೆ. ಹೇಗೆ ಹುಷಾರಾಗಿರಬೇಕು ಅನ್ನೋದನ್ನ ಬಿಡಿಸಿ ಹೇಳೋರು ಬೇಕು. ನಡೆಯೋದು ಹೇಗೆ, ಹೊಸ ಕೋಟು ಕೊಳ್ಳಬೇಕಾ, ಹಿಮ ಸುರಿಯೋ ರಾತ್ರಿ ನೋವು ಬಂದರೆ ಏನು ಮಾಡೋದು?

ಉತ್ತರ (ಗಟ್ಟಿಹೆಜ್ಜೆ):

ನಡಿಗೆಯ ವಿಷಯ ನಾನು ಹೇಳ್ತೀನಿ. ಮೈ ಕೊರೆಯೋ ಮೈನಸ್ 20 ಡಿಗ್ರಿಯ ದಿನಕ್ಕಿಂತ ಸೊನ್ನೆಯ ಆಸುಪಾಸಿನ ದಿನ ಹೆಚ್ಚು ಅಪಾಯ. ಆಗ ಮಂಜುಗಡ್ಡೆಯ ಮೇಲೆ ನೀರಿನ ತೆಳು ಪದರ ನಿಂತಿರುತ್ತೆ, ಯಾವ ಅಟ್ಟೆಯೂ ಹಿಡಿಯಲ್ಲ. ಹಿಂದಿನ ಮಧ್ಯಾಹ್ನ ಕರಗಿದ ನೀರು ರಾತ್ರಿ ಮತ್ತೆ ಗಟ್ಟಿಯಾಗಿರೋ ಬೆಳಗಿನ ಹೊತ್ತು ಅದಕ್ಕಿಂತ ಕೆಟ್ಟದ್ದು. ನೆಲ ಬರೀ ಒದ್ದೆಯಾದಂತೆ ಕಾಣುತ್ತೆ, ಕಾಲಿಟ್ಟಾಗಲೇ ಗೊತ್ತಾಗೋದು. ಸೇತುವೆ ಮೇಲೆ, ಮಾಳಿಗೆಯ ನೀರು ಸುರಿಯೋ ಕೊಳವೆ ಕೆಳಗೆ, ಬಸ್ ಚಕ್ರ ಉಜ್ಜಿ ನುಣುಪಾದ ಸ್ಟಾಪಿನ ಅಂಚಿನಲ್ಲಿ ಇದನ್ನ ನಿರೀಕ್ಷಿಸಿ.

ಬಸಿರಿನಲ್ಲಿ ಮೈಭಾರ ಮುಂದಕ್ಕೆ ಸರಿದಿರುತ್ತೆ, ಕೀಲುಗಳು ಸಡಿಲ ಆಗಿರುತ್ತೆ, ಕೊನೆಕೊನೆಗೆ ನಿಮ್ಮ ಪಾದವೇ ನಿಮಗೆ ಕಾಣಲ್ಲ. ಹಾಗಾಗಿ ಹೆಜ್ಜೆ ಚಿಕ್ಕದಿರಲಿ. ಹಿಮ್ಮಡಿ ಮೊದಲು ಊರಬೇಡಿ, ಇಡೀ ಪಾದ ಒಟ್ಟಿಗೆ ಊರಿ, ಭಾರ ಮುಂದಿನ ಕಾಲಿನ ಮೇಲೆ ಬಂದಮೇಲೆ ಹಿಂದಿನದನ್ನ ಎತ್ತಿ. ಮಂಡಿ ಬಿಗಿ ಹಿಡಿಯಬೇಡಿ. ಕೈ ಜೇಬಿನಲ್ಲಿ ಇರಲೇಬಾರದು, ಅದಕ್ಕೆ ಒಳ್ಳೆ ಕೈಗವಸು ಬೇಕು. ಒಂದೇ ಹೆಗಲಿಗೆ ಭಾರದ ಚೀಲ ತೂಗುಹಾಕಿಕೊಂಡರೆ ಜಾರಿದಾಗ ಅದೇ ಎಳೆದು ಬೀಳಿಸುತ್ತೆ. ಬೆನ್ನಿಗೆ ಹಾಕೋ ಚಿಕ್ಕ ಬ್ಯಾಗ್ ಸಾಕು.

ಬೂಟು ಅಗಲ ಹಿಮ್ಮಡಿಯದು, ಮೆತ್ತನೆ ರಬ್ಬರ್ ಅಟ್ಟೆಯದು, ಆಳ ಗೀರು ಇರೋದು. ಗಟ್ಟಿ ಪ್ಲಾಸ್ಟಿಕ್‌ನಂಥ ಅಟ್ಟೆ ಚಳಿಗೆ ಇನ್ನೂ ಗಟ್ಟಿಯಾಗಿ ಜಾರುತ್ತೆ. ಪಕ್ಕದಲ್ಲಿ ಜಿಪ್ ಇರೋದನ್ನೇ ತಗೊಳ್ಳಿ, ಮುಂದೆ ಬಗ್ಗಿ ಲೇಸ್ ಕಟ್ಟೋಕೆ ಆಗಲ್ಲ. ಪಾದ ಊದುತ್ತೆ, ಅರ್ಧ ಇಲ್ಲವೇ ಒಂದು ಅಳತೆ ದೊಡ್ಡದು ಬೇಕು. ಬಿಗಿ ಬೂಟಿನೊಳಗೆ ದಪ್ಪ ಕಾಲುಚೀಲ ತುರುಕಿದರೆ ರಕ್ತ ಸರಿಯಾಗಿ ಓಡದೆ ಬೆರಳು ಇನ್ನೂ ತಣ್ಣಗಾಗುತ್ತೆ.

ಬೂಟಿನ ಮೇಲೆ ಎಳೆದು ಹಾಕೋ ಮುಳ್ಳಿನ ಪಟ್ಟಿ ಕೊಳ್ಳಿ. ತಂತಿ ಸುರುಳಿಯದು ತುಳಿದು ಗಟ್ಟಿಯಾದ ಹಿಮಕ್ಕೆ ಸಾಕು, ಬರಿ ಮಂಜುಗಡ್ಡೆಗೆ ಉಕ್ಕಿನ ಮೊನೆ ಇರೋದೇ ಬೇಕು. ಕುರ್ಚಿ ಮೇಲೆ ಕೂತು, ಮೊದಲು ಬೆರಳಿನ ಕಡೆ ಸಿಕ್ಕಿಸಿ ಆಮೇಲೆ ಹಿಮ್ಮಡಿಗೆ ಎಳೆಯಿರಿ. ಇದನ್ನ ಹಾಕ್ಕೊಂಡು ಟೈಲ್ಸ್ ನೆಲದ ಮೇಲೆ, ಬಸ್ಸಿನ ಮೆಟ್ಟಿಲ ಮೇಲೆ ಕಾಲಿಡಬೇಡಿ. ಲೋಹ ನುಣ್ಣನೆ ನೆಲಕ್ಕೆ ತಗುಲಿದರೆ ಜೋರಾಗಿ ಜಾರುತ್ತೆ. ಬಗ್ಗೋದು ಕಷ್ಟವಾದ ಮೇಲೆ ಬಸ್ಸಿಗೆ ಹತ್ತೋ ಮುಂಚೆ ತೆಗೆಯೋಕೆ ಯಾರಾದರೂ ಜೊತೆಗಿರಬೇಕು. ಇಲ್ಲದಿದ್ದರೆ ಪಟ್ಟಿಗಿಂತ ಒಳ್ಳೆ ಅಟ್ಟೆಯನ್ನೇ ನಂಬಿ.

ಬಾಗಿಲ ಮುಂದೆ ಉಪ್ಪು ಸುಮಾರು ಮೈನಸ್ 10 ಡಿಗ್ರಿವರೆಗೆ ಕೆಲಸ ಮಾಡುತ್ತೆ, ಅದಕ್ಕಿಂತ ಕೆಳಗೆ ಒರಟು ಮರಳೇ ಗತಿ. ಹಿಮ ಎತ್ತಿಹಾಕೋ ಕೆಲಸ ಬೇರೆಯವರಿಗೆ ಬಿಡಿ.

ಉತ್ತರ (ಹೆರಿಗೆವಾರ್ಡಿನದಾದಿ):

ಮೇಲಿನ ಉತ್ತರದಲ್ಲಿ ಬಿಟ್ಟುಹೋದದ್ದು, ಬಿದ್ದಮೇಲೆ ಏನು ಅನ್ನೋದು. ನಿಮ್ಮ ವಾರದಲ್ಲಿ ಗರ್ಭಕೋಶ ಸೊಂಟದ ಎಲುಬಿನ ಆಸರೆ ಬಿಟ್ಟು ಮೇಲೆ ಬಂದಿರುತ್ತೆ. ಹೊಟ್ಟೆಗೆ ಪೆಟ್ಟು ಬಿದ್ದರೆ ಅಥವಾ ಕುಂಡೆ ಮೇಲೆ ಜೋರಾಗಿ ಕೂತಂತೆ ಬಿದ್ದು ಮೈ ಕುಲುಕಿದರೆ, ನೋವಿಲ್ಲದಿದ್ದರೂ ಆಗಲೇ ಆಸ್ಪತ್ರೆಗೆ ಫೋನ್ ಮಾಡಿ. ಗರ್ಭಕೋಶದ ಗೋಡೆ ಪೆಟ್ಟು ಬಿದ್ದಾಗ ಹಿಗ್ಗುತ್ತೆ, ಮಾಸು ಹಿಗ್ಗಲ್ಲ. ಹಾಗಾಗಿ ಅದರ ಅಂಚು ಗೋಡೆಯಿಂದ ಬಿಡಬಹುದು, ರಕ್ತ ಒಳಗೇ ನಿಂತು ಹೊರಗೆ ಕಾಣದೇ ಇರಬಹುದು. ಅದಕ್ಕೇ ಸಾಮಾನ್ಯವಾಗಿ ಕನಿಷ್ಠ 4 ಗಂಟೆ ಮಗುವಿನ ಎದೆಬಡಿತ ಮತ್ತು ಗರ್ಭಕೋಶದ ಬಿಗಿತವನ್ನ ಯಂತ್ರ ಹಾಕಿ ನೋಡ್ತಾರೆ. ರಕ್ತ, ನೀರು ಹೋಗೋದು, ಹೊಟ್ಟೆ ಕಲ್ಲಿನಂತೆ ಬಿಗಿಯಾಗೋದು, ಮಗು ಮಿಸುಕಾಟ ಕಡಿಮೆ ಮಾಡೋದು ಕಂಡರೆ ಫೋನಿನಲ್ಲಿ ಮಾತಾಡ್ತಾ ಕೂರದೆ ಹೊರಡಿ. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಅದನ್ನ ಮೊದಲೇ ಹೇಳಿ, ನಿಮ್ಮ ಮೈ ಮಗುವಿನ ರಕ್ತದ ವಿರುದ್ಧ ತಿರುಗದಂತೆ ತಡೆಯೋ ಆಂಟಿ-ಡಿ ಚುಚ್ಚುಮದ್ದು 72 ಗಂಟೆಯೊಳಗೆ ಬೀಳಬೇಕು.

ಇನ್ನು ನಾನು ಒತ್ತಿ ಹೇಳಬೇಕಾದ್ದು, ಎಲ್ಲವನ್ನೂ ಚಳಿಯ ತಲೆಗೆ ಕಟ್ಟಬೇಡಿ. ನೀವು ಬರೆದ ತುರಿಕೆಯನ್ನೇ ತಗೊಳ್ಳಿ. ಒಣಹವೆಯ ತುರಿಕೆ ಮೊಣಕಾಲ ಕೆಳಗೆ, ತೋಳಿನಲ್ಲಿ, ಹೊಟ್ಟೆಯ ಮೇಲೆ ಇರುತ್ತೆ, ಚರ್ಮ ಬಿಳಿಪುಡಿ ಎದ್ದಂತೆ ಕಾಣುತ್ತೆ. ಉಗುರುಬೆಚ್ಚನೆ ನೀರಲ್ಲಿ 10 ನಿಮಿಷದೊಳಗೆ ಸ್ನಾನ ಮುಗಿಸಿ, ಮೈ ಒತ್ತಿ ಒರೆಸಿ, ಇನ್ನೂ ಸ್ವಲ್ಪ ತೇವ ಇರುವಾಗಲೇ ವಾಸನೆ ಇಲ್ಲದ ಗಟ್ಟಿ ಮುಲಾಮು ಹಚ್ಚಿದರೆ ಕೆಲವೇ ದಿನಕ್ಕೆ ಇಳಿಯುತ್ತೆ. ಆದರೆ ಅಂಗೈ, ಅಂಗಾಲು ತುರಿಸಿ, ರಾತ್ರಿ ಹೆಚ್ಚಾಗಿ, ಗುಳ್ಳೆ ಏನೂ ಕಾಣದೆ ಬರೀ ಕೆರೆದ ಗೀರು ಕಂಡರೆ ಅದು ಪಿತ್ತಜನಕಾಂಗದ ತೊಂದರೆ ಇರಬಹುದು. ಮೂತ್ರ ಗಾಢ ಬಣ್ಣಕ್ಕೆ ತಿರುಗಿ ಮಲ ಬೆಳ್ಳಗಾದರೆ ಇನ್ನೂ ಅನುಮಾನ. ಪಿತ್ತಾಮ್ಲದ ರಕ್ತಪರೀಕ್ಷೆ ಕೇಳಿ, ಮುಂದಿನ ಭೇಟಿವರೆಗೆ ಕಾಯಬೇಡಿ. ಇದು ಮಗುವಿಗೆ ಅಪಾಯ ತರಬಲ್ಲದು, ಚಳಿಗಾಲದಲ್ಲಿ ಒಣಚರ್ಮ ಅಂದುಕೊಂಡು ಸುಮ್ಮನಾಗೋದು ಸುಲಭ.

ಊತವೂ ಹಾಗೇ. ಸಂಜೆ ಬೂಟು ಬಿಚ್ಚಿದಾಗ ಪಾದ ಊದಿರೋದು ಸಹಜ. ಮುಖ, ಕೈ ಇದ್ದಕ್ಕಿದ್ದಂತೆ ಊದಿ, ಬಿಡದ ತಲೆನೋವು, ಕಣ್ಣೆದುರು ಮಿಂಚು, ಪಕ್ಕೆಲುಬಿನ ಕೆಳಗೆ ನೋವು ಬಂದರೆ ಅದನ್ನ ಹೀಟರಿನ ತಲೆನೋವು ಅನ್ನಬೇಡಿ. ರಕ್ತದೊತ್ತಡ ಅದೇ ದಿನ ನೋಡಿಸಿ, 140/90 ಅಥವಾ ಮೇಲಿದ್ದರೆ ಕೂಡಲೇ ಆಸ್ಪತ್ರೆಗೆ ತಿಳಿಸಿ. ದಪ್ಪ ಬಟ್ಟೆಯಲ್ಲಿ ಮಗುವಿನ ಒದೆತ ಗೊತ್ತಾಗಲ್ಲ ಅಂತ ಕಾಯೋದೂ ತಪ್ಪು. 28 ವಾರದ ನಂತರ ಅನುಮಾನ ಬಂದರೆ ಎಡಮಗ್ಗುಲಿಗೆ ಮಲಗಿ ಗಮನಿಸಿ. 2 ಗಂಟೆಯಲ್ಲಿ 10 ಮಿಸುಕಾಟ ಸಿಗದಿದ್ದರೆ, ಅಥವಾ ಎಂದಿನ ರೀತಿ ಇಲ್ಲ ಅನಿಸಿದರೂ, ರಾತ್ರಿಯಾದರೂ ಫೋನ್ ಮಾಡಿ.

ಮೂಗಿನ ರಕ್ತ ಬಸಿರಿನಲ್ಲಿ ಸಾಮಾನ್ಯ, ಒಣಗಾಳಿಗೆ ಹೆಚ್ಚುತ್ತೆ. ಕೂತು ಮುಂದಕ್ಕೆ ಬಾಗಿ, ಮೂಗಿನ ಮೆತ್ತನೆ ಭಾಗವನ್ನ ಬಿಡದೆ 10ರಿಂದ 15 ನಿಮಿಷ ಹಿಡಿಯಿರಿ. ತಲೆ ಹಿಂದಕ್ಕೆ ಎತ್ತಿದರೆ ರಕ್ತ ಗಂಟಲಿಗೆ ಇಳಿದು ವಾಂತಿ ಬರುತ್ತೆ. ಉಪ್ಪುನೀರಿನ ಹನಿ ದಿನಕ್ಕೆ ಮೂರ್ನಾಲ್ಕು ಸಲ ಹಾಕಿ. ಮೂಗು ಕಟ್ಟಿದ್ದನ್ನ ಬಿಡಿಸೋ ಔಷಧಿ ಮಾತ್ರ ಕೇಳದೆ ಬೇಡ. ಚಳಿಗೆ ಬಾಯಾರಿಕೆ ಗೊತ್ತಾಗಲ್ಲ, ನೀರು ಕಡಿಮೆಯಾದರೆ ಹೊಟ್ಟೆ ಸುಮ್ಮಸುಮ್ಮನೆ ಬಿಗಿಯೋದು ಜಾಸ್ತಿ. ಮೂತ್ರ ತಿಳಿಹಳದಿ ಇರೋವಷ್ಟು ಕುಡಿಯಿರಿ.

ಫ್ಲೂ ಲಸಿಕೆ ಯಾವ ತಿಂಗಳಲ್ಲಾದರೂ ಹಾಕಿಸಬಹುದು, ಇನ್ನೂ ಆಗಿಲ್ಲದಿದ್ದರೆ ಈ ವಾರವೇ. ನಾಯಿಕೆಮ್ಮಿನ ಲಸಿಕೆಗೆ ಕೆಲವು ದೇಶಗಳಲ್ಲಿ 27ರಿಂದ 36ನೇ ವಾರ. ಆರ್‌ಎಸ್‌ವಿ (ಎಳೆಮಕ್ಕಳ ಶ್ವಾಸಕೋಶಕ್ಕೆ ತಗಲೋ ವೈರಸ್) ಲಸಿಕೆ ನಿಮ್ಮಲ್ಲಿ ಕೊಡ್ತಾರಾ, ಯಾವ ವಾರಕ್ಕೆ ಅಂತ ಕೇಳಿ. ಇವುಗಳ ರಕ್ಷಣೆ ನಿಮ್ಮ ರಕ್ತದಿಂದ ಮಗುವಿಗೆ ಹೋಗಬೇಕು, ಅದಕ್ಕೆ ಹೆರಿಗೆಗೆ ಎರಡು ವಾರ ಮುಂಚೆಯಾದರೂ ಆಗಿರಬೇಕು. ವಿಟಮಿನ್ ಡಿ ದಿನಕ್ಕೆ 400ರಿಂದ 600 ಐಯು ನಿಮ್ಮ ಮಾತ್ರೆಯಲ್ಲೇ ಇದೆಯಾ ಅಂತ ಚೀಟಿ ಓದಿ. ಇದ್ದರೆ ವೈದ್ಯರು ಹೇಳದೆ ಇನ್ನೊಂದು ಸೇರಿಸಬೇಡಿ.

ಉತ್ತರ (ಪದರಪದರ):

ಹೊಸ ಕೋಟು ಬೇಡ. ಈಗಿರೋ ಕೋಟಿನ ಎರಡೂ ಅಂಚಿನ ನಡುವೆ ಜಿಪ್ ಆಗೋ ಹೆಚ್ಚುವರಿ ತುಂಡು ಸಿಗುತ್ತೆ. ಕೊಳ್ಳೋ ಮುಂಚೆ ಜಿಪ್ಪನ್ನ ಎಳೆಯೋ ಗುಂಡಿಯ ಹಿಂಬದಿ ನೋಡಿ, 5, 8 ಅಥವಾ 10 ಅಂತ ಒತ್ತಿರಬಹುದು. ಅದು ಹಲ್ಲಿನ ಅಳತೆ. ಅಳತೆ ಸರಿ ಇದ್ದರೂ ಹಲ್ಲು ಲೋಹದ್ದೋ, ಅಚ್ಚಿನ ಪ್ಲಾಸ್ಟಿಕ್ಕೋ, ಸುರುಳಿಯೋ ಅನ್ನೋದೂ, ಗುಂಡಿ ಎಡಕ್ಕಿದೆಯೋ ಬಲಕ್ಕಿದೆಯೋ ಅನ್ನೋದೂ ಹೊಂದಬೇಕು. ಇಲ್ಲದಿದ್ದರೆ ಸಿಕ್ಕಿಕೊಳ್ಳೋದೇ ಇಲ್ಲ. ಹೆರಿಗೆಯಾದ ಮೇಲೆ ಮಗುವನ್ನ ಎದೆಗೆ ಕಟ್ಟಿಕೊಂಡು ಹೊರಗೆ ಹೋಗೋಕೂ ಅದೇ ತುಂಡು ಬರುತ್ತೆ.

ಒಳಗಿನ ಪದರ ತೆಳು ಉಣ್ಣೆ ಅಥವಾ ಸಿಂಥೆಟಿಕ್. ಹತ್ತಿ ಬೆವರು ಹೀರಿ ಹಾಗೇ ಒದ್ದೆ ಇಟ್ಟುಕೊಳ್ಳುತ್ತೆ, ನಿಂತ ಕೂಡಲೇ ಮೈ ತಣ್ಣಗಾಗುತ್ತೆ. ನಡುವಿನದು ಮುಂದೆ ಬಿಚ್ಚೋ ಥರದ್ದೇ ಆಗಲಿ, ತಲೆ ಮೇಲಿಂದ ಎಳೆಯೋ ಸ್ವೆಟರ್ ತುಂಬಿದ ಬಸ್ಸಲ್ಲಿ ತೆಗೆಯೋಕಾಗಲ್ಲ. ಬಸಿರಿನಲ್ಲಿ ಮೈಯ ರಕ್ತ ಸುಮಾರು ಅರ್ಧದಷ್ಟು ಹೆಚ್ಚಾಗಿರುತ್ತೆ, ನಿಮಗೆ ಬೇರೆಯವರಿಗಿಂತ ಬೇಗ ಸೆಕೆ. ಬಿಸಿ ಬಸ್ಸಿನಲ್ಲಿ ಕೋಟು ಹಾಕ್ಕೊಂಡೇ ನಿಂತವರಿಗೆ ಕಣ್ಣು ಕತ್ತಲೆ ಬರೋದು ಇದಕ್ಕೇ. ಹತ್ತಿದ ಕೂಡಲೇ ಜಿಪ್ ಇಳಿಸಿ, ಟೋಪಿ ತೆಗೆಯಿರಿ, ಸೀಟು ಕೇಳಿ ಕೂರಿ.

ಮೈ ಒಳಗಿನ ಬಿಸಿ 39 ಡಿಗ್ರಿ ತಲುಪಬಾರದು, ಹಾಗಾಗಿ ಸೌನಾ, ಬಿಸಿನೀರಿನ ತೊಟ್ಟಿ ಬೇಡ. ವಿದ್ಯುತ್ ಕಂಬಳಿಯಿಂದ ಹಾಸಿಗೆ ಬೆಚ್ಚಗೆ ಮಾಡಿ, ಮಲಗೋ ಮುಂಚೆ ಆರಿಸಿ.

ಮನೆಗೆ ಒಂದು ತೇವಮಾಪಕ ತನ್ನಿ. 30ರಿಂದ 50 ಶೇಕಡ ಇದ್ದರೆ ಸರಿ. ಹೊರಗಿನ ತಣ್ಣನೆ ಗಾಳಿಯಲ್ಲಿ ನೀರಿನಂಶವೇ ಕಡಿಮೆ, ಅದನ್ನ ಒಳಗೆ ಕಾಯಿಸಿದಾಗ 20ರ ಕೆಳಗೂ ಇಳಿಯುತ್ತೆ. ಹ್ಯೂಮಿಡಿಫೈಯರ್ (ಗಾಳಿಗೆ ತೇವ ಸೇರಿಸೋ ಯಂತ್ರ) ಇಟ್ಟರೆ ದಿನಾ ನೀರು ಚೆಲ್ಲಿ, ತೊಟ್ಟಿ ಒಣಗಿಸಿ, ವಾರಕ್ಕೊಮ್ಮೆ ವಿನಿಗರ್ ಹಾಕಿ ತೊಳೆಯಿರಿ. ಅಲ್ಟ್ರಾಸಾನಿಕ್ ಯಂತ್ರಕ್ಕೆ ನಲ್ಲಿನೀರು ಹಾಕಿದರೆ ಅದರ ಲವಣ ಬಿಳಿ ಪುಡಿಯಾಗಿ ಗಾಳಿಗೆ ಬರುತ್ತೆ, ಬಟ್ಟಿ ಇಳಿಸಿದ ನೀರು ಒಳ್ಳೇದು. ಕಿಟಕಿ ಗಾಜಿನಿಂದ ನೀರು ಇಳಿಯೋಕೆ ಶುರುವಾದರೆ ಯಂತ್ರ ನಿಲ್ಲಿಸಿ, ಇಲ್ಲವಾದರೆ ಚೌಕಟ್ಟಿಗೆ ಬೂಷ್ಟು ಹಿಡಿಯುತ್ತೆ.

ಗ್ಯಾಸ್, ಸೌದೆ, ಸೀಮೆಎಣ್ಣೆ ಯಾವುದನ್ನೇ ಉರಿಸಿ ಮನೆ ಕಾಯಿಸಿದರೂ ಕಾರ್ಬನ್ ಮಾನಾಕ್ಸೈಡ್ ಅಲಾರಂ ಮಲಗೋ ಕೋಣೆಯ ಹತ್ತಿರ ಇರಲೇಬೇಕು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಟ್ಟೆಯೊಳಗಿನ ಮಗುವಿನ ರಕ್ತ ಅದನ್ನ ನಿಮ್ಮ ರಕ್ತಕ್ಕಿಂತ ಗಟ್ಟಿಯಾಗಿ ಹಿಡಿದು ನಿಧಾನವಾಗಿ ಬಿಡುತ್ತೆ. ನಿಮಗೆ ಆರಾಮಾದರೂ ಮಗುವಿಗೆ ಆಗಿರಲಿಕ್ಕಿಲ್ಲ. ಮನೇಲಿ ತಲೆನೋವು, ಹೊರಗೆ ಹೋದರೆ ಮಾಯ ಅನ್ನೋ ಹಾಗಿದ್ದರೆ ಕೂಡಲೇ ಹೊರಬಂದು ತುರ್ತು ಸಂಖ್ಯೆಗೆ ಕರೆ ಮಾಡಿ.

ಇಪ್ಪತ್ತಾರನೇವಾರ:

ತುಂಬ ಧನ್ಯವಾದ. ತುರಿಕೆ ಮೊಣಕಾಲ ಕೆಳಗೆ ಮತ್ತು ಹೊಟ್ಟೆ ಮೇಲೆ ಮಾತ್ರ, ಅಂಗೈ ಅಂಗಾಲಿಗೆ ಇಲ್ಲ. ಆದರೂ ನಾಳೆ ಕೇಳ್ತೀನಿ. ಆಸ್ಪತ್ರೆಯ ದಾರಿ ಬಗ್ಗೆ ಯಾರಾದರೂ ಹೇಳಿ, ಮಗುವಿನ ಕಾರ್ ಸೀಟ್ ಬಗ್ಗೆಯೂ.

ಉತ್ತರ (ಹಿಂದಿನಸೀಟು):

ಮೊದಲು ನಿಮ್ಮ ಬೆಲ್ಟ್. ಕೋಟು ಬಿಚ್ಚಿ, ಕೆಳಪಟ್ಟಿ ಹೊಟ್ಟೆಯ ಅಡಿಯಲ್ಲಿ ಸೊಂಟದ ಎಲುಬಿನ ಮೇಲೆ, ಮೇಲ್ಪಟ್ಟಿ ಎದೆಗಳ ನಡುವಿನಿಂದ ಹೊಟ್ಟೆಯ ಪಕ್ಕಕ್ಕೆ. ಹೊಟ್ಟೆಯ ಮೇಲೆಯೇ ಹಾದರೆ ಅಪಘಾತದಲ್ಲಿ ಪೆಟ್ಟು ಮಗುವಿಗೆ.

ಮೊದಲ ಹೆರಿಗೆಗೆ ಸಾಮಾನ್ಯವಾಗಿ 5 ನಿಮಿಷಕ್ಕೊಮ್ಮೆ ನೋವು, ಪ್ರತಿಯೊಂದೂ 1 ನಿಮಿಷ, ಹೀಗೇ 1 ಗಂಟೆ ಆದಾಗ ಹೊರಡಿ ಅಂತಾರೆ. ಹಿಮ ಸುರಿವಾಗ 40 ನಿಮಿಷದ ದಾರಿ ಎರಡರಷ್ಟಾಗಬಹುದು ಅಂತ ಲೆಕ್ಕ ಹಾಕಿ, ಅಷ್ಟು ಕಾಯಬೇಡಿ. 37 ವಾರದ ನಂತರ ಹಿಮಗಾಳಿಯ ಎಚ್ಚರಿಕೆ ಬಂದ ದಿನವೇ ಆಸ್ಪತ್ರೆಗೆ ಫೋನ್ ಮಾಡಿ, ಯಾವಾಗ ಬರಬೇಕು, ರಾತ್ರಿ ಯಾವ ಬಾಗಿಲು ತೆರೆದಿರುತ್ತೆ ಕೇಳಿ. ಆಸ್ಪತ್ರೆ ಹತ್ತಿರ ತಂಗೋ ಜಾಗ ಇದ್ದರೆ ಒಂದು ರಾತ್ರಿ ಮುಂಚೆ ಹೋಗೋದೇ ವಾಸಿ. ನೀರು ಹೋದರೆ ಹೊತ್ತು, ಬಣ್ಣ ಗುರುತಿಟ್ಟು ಕರೆ ಮಾಡಿ. ಹಸಿರು, ಕಂದು ಅಥವಾ ರಕ್ತ ಕಂಡರೆ ತಕ್ಷಣ ಹೊರಡಿ.

36ನೇ ವಾರದಿಂದ ಇಂಧನ ಅರ್ಧಕ್ಕಿಂತ ಕೆಳಗೆ ಇಳಿಯದಿರಲಿ. ಬ್ಯಾಟರಿ ಕಾರಾದರೆ ಚಳಿಗೆ ದೂರ ಕಡಿಮೆ ಬರುತ್ತೆ, ರಾತ್ರಿ ಚಾರ್ಜಿಗೆ ಸಿಕ್ಕಿಸಿಯೇ ಇಡಿ. ಡಿಕ್ಕಿಯಲ್ಲಿ ಸಲಿಕೆ, ಮರಳು, ಟಾರ್ಚ್, ಎರಡು ಕಂಬಳಿ, ನಾಲ್ಕು ಒಣ ಟವೆಲ್, ನಿಮಗೊಂದು ಒಣ ಪ್ಯಾಂಟು, ಫೋನ್ ಚಾರ್ಜರ್. ಎಂಜಿನ್ ಶುರು ಮಾಡೋ ಮುಂಚೆ ಹೊಗೆ ಕೊಳವೆ ಸುತ್ತಲಿನ ಹಿಮ ತೆಗೆಯಿರಿ, ಮುಚ್ಚಿದ್ದರೆ ವಿಷಗಾಳಿ ಒಳಗೆ ಬರುತ್ತೆ.

ಮಗುವನ್ನ ಹೊರಗೆ ತಳ್ಳೋಕೆ ಮುಕ್ಕರಿಯಬೇಕು ಅನ್ನೋ ಒತ್ತಡ ಬಂದರೆ ಕಾರು ಹತ್ತಬೇಡಿ, ಆಂಬುಲೆನ್ಸ್ ಕರೆಸಿ. ದಾರಿಯಲ್ಲೇ ಬಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ತುರ್ತು ಸಂಖ್ಯೆಗೆ ಕರೆ ಮಾಡಿ ಸ್ಪೀಕರಿನಲ್ಲಿಡಿ, ಹೀಟರ್ ಪೂರ್ತಿ ಏರಿಸಿ. ಮಗು ಬಂದ ಕೂಡಲೇ ಒಣ ಟವೆಲ್‌ನಿಂದ ಚೆನ್ನಾಗಿ ಒರೆಸಿ, ಆ ಒದ್ದೆ ಟವೆಲ್ ಎಸೆದು, ತಾಯಿಯ ಬರಿ ಎದೆಗೆ ಮಲಗಿಸಿ, ತಲೆ ಮುಚ್ಚಿ, ಇಬ್ಬರ ಮೇಲೂ ಕಂಬಳಿ ಹೊದಿಸಿ. ಹೊಕ್ಕುಳಬಳ್ಳಿ ಎಳೆಯಬೇಡಿ, ಕತ್ತರಿಸಬೇಡಿ.

ಕಾರ್ ಸೀಟ್ 35ನೇ ವಾರದೊಳಗೆ ಹಿಂದಿನ ಸೀಟಿನಲ್ಲಿ ಹಿಮ್ಮುಖವಾಗಿ ಕೂಡಿಸಿ. ಬೆಲ್ಟ್ ಹಾಯೋ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ 2.5 ಸೆಂಟಿಮೀಟರ್‌ಗಿಂತ ಹೆಚ್ಚು ಸರಿಯಬಾರದು. ಭುಜದ ಪಟ್ಟಿ ಮಗುವಿನ ಭುಜದ ಮಟ್ಟದಲ್ಲಿ ಅಥವಾ ಸ್ವಲ್ಪ ಕೆಳಗಿಂದ ಬರಬೇಕು. ಕೊರಳೆಲುಬಿನ ಹತ್ತಿರ ಪಟ್ಟಿಯನ್ನ ಎರಡು ಬೆರಳಲ್ಲಿ ಚಿವುಟಿ, ಮಡಿಕೆ ಸಿಕ್ಕಿದರೆ ಇನ್ನೂ ಬಿಗಿಯಾಗಬೇಕು. ದಪ್ಪ ಹಿಮದುಡುಪು ಹಾಕಿ ಬೆಲ್ಟ್ ಕಟ್ಟಲೇಬೇಡಿ. ಅಪಘಾತದಲ್ಲಿ ಅದರೊಳಗಿನ ಗಾಳಿ ಚಪ್ಪಟೆಯಾಗಿ ಪಟ್ಟಿ ಸಡಿಲಾಗುತ್ತೆ, ಮಗು ಜಾರಿ ಹೊರಬರಬಹುದು. ತೆಳು ಬಟ್ಟೆಯಲ್ಲಿ ಕಟ್ಟಿ, ಪಟ್ಟಿಯ ಮೇಲೆ ಕಂಬಳಿ ಹೊದಿಸಿ, ಮುಖ ತೆರೆದಿರಲಿ. ಬಿಡಿಸಿ ತರಬಹುದಾದ ಸೀಟಾದರೆ ರಾತ್ರಿ ಮನೆಯೊಳಗಿಡಿ, ಬೆಳಿಗ್ಗೆ ಬಕಲ್ ಹೆಪ್ಪುಗಟ್ಟಿರಲ್ಲ.

ಉತ್ತರ (ಹೆರಿಗೆವಾರ್ಡಿನದಾದಿ):

ಒಂದೇ ಮಾತು ಸೇರಿಸ್ತೀನಿ. ಮಗು ಮನೆಗೆ ಬಂದಮೇಲೆ ಚಳಿಗೆ ಹೆದರಿ ಹೆಚ್ಚು ಹೊದಿಸಬೇಡಿ, ಅತಿ ಬಿಸಿ ನಿದ್ದೆಯಲ್ಲಿ ಹಠಾತ್ ಸಾವಿನ ಅಪಾಯ ಹೆಚ್ಚಿಸುತ್ತೆ. ಕೋಣೆ 20 ಡಿಗ್ರಿ ಆಸುಪಾಸು ಸಾಕು. ಮನೆಯೊಳಗೆ ಟೋಪಿ ಬೇಡ, ತೊಟ್ಟಿಲಲ್ಲಿ ಬಿಡಿ ಕಂಬಳಿ ಬೇಡ, ಬೆನ್ನಿನ ಮೇಲೆಯೇ ಮಲಗಿಸಿ. ಕೈಕಾಲು ತಣ್ಣಗಿದೆ ಅಂತ ಅಳೆಯಬೇಡಿ, ಅದು ಹಾಗೇ ಇರುತ್ತೆ. ಕುತ್ತಿಗೆಯ ಹಿಂದೆ ಕೈ ಇಟ್ಟು ನೋಡಿ, ಬೆವರಿದ್ದರೆ ಒಂದು ಪದರ ತೆಗೆಯಿರಿ. ನಿದ್ದೆಚೀಲ ಕೊಳ್ಳೋದಾದರೆ ಕುತ್ತಿಗೆಯ ತೂತು ಮಗುವಿನ ತಲೆಗಿಂತ ಚಿಕ್ಕದಿದೆಯಾ ನೋಡಿ, ಇಲ್ಲದಿದ್ದರೆ ಮಗು ಒಳಕ್ಕೆ ಜಾರುತ್ತೆ.