ಉದ್ದ ಇಳಿಜಾರಿನಲ್ಲಿ ಹಿಂದಿನ ಬ್ರೇಕ್ ಲಿವರ್ ಹ್ಯಾಂಡಲ್‌ಗೆ ತಾಗುತ್ತಿದೆ, ತಣ್ಣಗಾದರೆ ಸರಿಹೋಗುತ್ತದೆ. ಏನಿರಬಹುದು?

ಇಳಿಜಾರುಪ್ರಿಯ:
ಎಲ್ಲರಿಗೂ ನಮಸ್ಕಾರ. ನನ್ನದು ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇರುವ ಸೈಕಲ್, ಮಿನರಲ್ ಆಯಿಲ್ ಹಾಕುವಂಥದ್ದು. ಎರಡೂ ಕಡೆ 160 ಮಿ.ಮೀ. ರೋಟರ್ (ಚಕ್ರದ ಜೊತೆ ತಿರುಗುವ ಉಕ್ಕಿನ ತಟ್ಟೆ). ನಾನು, ಸೈಕಲ್, ಬ್ಯಾಗ್ ಎಲ್ಲ ಸೇರಿ ಸುಮಾರು 85 ಕೆ.ಜಿ. ಸಣ್ಣಪುಟ್ಟ ಇಳಿಜಾರಿನಲ್ಲಿ ಏನೂ ತೊಂದರೆ ಇಲ್ಲ. ಆದರೆ 400 ಮೀಟರ್ ಎತ್ತರದಿಂದ ಒಂದೇ ಸಮ ಇಳಿಯುವ ರಸ್ತೆಯಲ್ಲಿ, ಅರ್ಧ ದಾಟುವಷ್ಟರಲ್ಲಿ ಹಿಂದಿನ ಲಿವರ್ ಮೆತ್ತಗಾಗುತ್ತದೆ. ಆಮೇಲೆ ಹ್ಯಾಂಡಲ್‌ಗೇ ತಾಗುತ್ತದೆ. ಪಟಪಟ ಅಂತ ನಾಲ್ಕೈದು ಸಲ ಒತ್ತಿದರೆ ಸ್ವಲ್ಪ ಹಿಡಿತ ಬರುತ್ತದೆ. ಕೆಳಗೆ ಬಂದು ಅರ್ಧ ಗಂಟೆ ನಿಂತರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಗಟ್ಟಿಯಾಗಿರುತ್ತದೆ!

ರೋಟರ್ ಅನ್ನು ಒತ್ತಿ ಹಿಡಿಯುವ ಪ್ಯಾಡ್ ಹೊಸದು ಹಾಕಿಸಿದೆ, ವ್ಯತ್ಯಾಸ ಇಲ್ಲ. ಈಗ ಭಯಕ್ಕೆ ಮೇಲಿನಿಂದಲೇ ಹಿಂದಿನ ಬ್ರೇಕ್ ಹಿಡಿದುಕೊಂಡೇ ಇಳಿಯುತ್ತೇನೆ. ಕ್ಯಾಲಿಪರ್ (ಪ್ಯಾಡ್, ಪಿಸ್ಟನ್ ಕೂರುವ ಭಾಗ) ಬದಲಿಸಬೇಕಾ?

ಹಳೇಸ್ಪೋಕ್:
ಕ್ಯಾಲಿಪರ್ ವಿಷಯ ಆಮೇಲೆ ನೋಡೋಣ, ಈಗಲೇ ಏನೂ ಕೊಳ್ಳಬೇಡಿ. ಮೊದಲು ಇಷ್ಟು ಹೇಳಿ. ಹಿಂದಿನ ಚಕ್ರ ಎತ್ತಿ ತಿರುಗಿಸಿದರೆ ಸಲೀಸಾಗಿ ತಿರುಗುತ್ತದಾ, ಅಥವಾ ಪ್ಯಾಡ್ ಉಜ್ಜುತ್ತಾ ಇರುತ್ತದಾ? ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು? ಲಿವರ್ ಮೆತ್ತಗಾಗುವ ಮೊದಲು ಸುಟ್ಟ ವಾಸನೆ ಏನಾದರೂ ಬಂತಾ?

ಇಳಿಜಾರುಪ್ರಿಯ:
ಚಕ್ರ ಸಲೀಸಾಗಿ ತಿರುಗುತ್ತದೆ. ಸ್ವಲ್ಪ ಸುಟ್ಟ ವಾಸನೆ ಬರುತ್ತದೆ, ನಿಜ. ಆಯಿಲ್ ಬದಲಿಸಿಯೇ ಇಲ್ಲ. ಅದನ್ನೂ ಬದಲಿಸಬೇಕು ಅಂತ ಗೊತ್ತಿರಲಿಲ್ಲ. ಸೈಕಲ್ ತಗೊಂಡು ಕೆಲವು ವರ್ಷ ಆಯ್ತು.

ಚೈನುಜಾರಿ:
ನನಗೂ ಇದೇ ಆಗಿತ್ತು ಗುರು. ಬೈಕ್‌ಗೆ ಹಾಕುವ ಡಾಟ್ 4 ಆಯಿಲ್ ಎಲ್ಲ ಕಡೆ ಸಿಗುತ್ತದೆ. ಅದನ್ನೇ ತುಂಬಿಸಿಬಿಡಿ, ಬೇಗ ಕುದಿಯೋದಿಲ್ಲ.

ಹಳೇಸ್ಪೋಕ್:
ದಯವಿಟ್ಟು ಅದನ್ನು ಮಾಡಬೇಡಿ! ಮಿನರಲ್ ಆಯಿಲ್ ಬ್ರೇಕ್‌ನ ಒಳಗಿನ ಸೀಲುಗಳು ಡಾಟ್ ಆಯಿಲ್‌ಗೆ ಊದಿಕೊಂಡು ಹಾಳಾಗುತ್ತವೆ. ಡಾಟ್ ಬ್ರೇಕ್‌ಗೆ ಮಿನರಲ್ ಆಯಿಲ್ ಹಾಕಿದರೂ ಅದೇ ಕಥೆ. ಶಿಮಾನೋ, ಮಗುರಾ ಬ್ರೇಕ್‌ಗಳಿಗೆ ಮಿನರಲ್. ಸ್ರ್ಯಾಮ್‌ನಲ್ಲಿ ಬಹಳಷ್ಟು ಮಾಡೆಲ್‌ಗಳಿಗೆ ಡಾಟ್ 5.1, ಈಚಿನ ಕೆಲವಕ್ಕೆ ಮಿನರಲ್. ಲಿವರ್ ಮೇಲೆ ಅಥವಾ ಮುಚ್ಚಳದ ಮೇಲೆ ಬರೆದಿರುತ್ತದೆ, ಅದನ್ನು ನೋಡಿಯೇ ಹಾಕಿ.

ಈಗ ನಿಮ್ಮ ಸಮಸ್ಯೆಗೆ ಬರೋಣ. ಇಳಿಜಾರಿನಲ್ಲಿ ಬ್ರೇಕ್ ಸೋಲುವುದರಲ್ಲಿ ಎರಡು ಬಗೆ. ಎರಡನ್ನೂ ಕಲಸಿಕೊಂಡರೆ ಬೇಡದ ಭಾಗ ಬದಲಿಸುತ್ತಾ ಕೂರಬೇಕಾಗುತ್ತದೆ. ಲಿವರ್ ಗಟ್ಟಿಯಾಗೇ ಇದೆ, ಎಷ್ಟು ಒತ್ತಿದರೂ ಸೈಕಲ್ ನಿಲ್ಲುತ್ತಿಲ್ಲ ಅಂದರೆ ತಪ್ಪು ಪ್ಯಾಡ್‌ನದ್ದು. ಪ್ಯಾಡ್ ಅತಿಯಾಗಿ ಕಾದಿರಬಹುದು, ಮೇಲ್ಮೈ ಗಾಜಿನಂತೆ ಹೊಳೆಯುತ್ತಿರಬಹುದು, ಚೈನಿನ ಎಣ್ಣೆ ಸಿಡಿದಿರಬಹುದು. ಆದರೆ ಲಿವರ್ ಮೆತ್ತಗಾಗಿ ಹ್ಯಾಂಡಲ್‌ವರೆಗೆ ಬಂತು, ಪಂಪ್ ಮಾಡಿದರೆ ಮರಳಿತು ಅಂದರೆ ಪೈಪಿನೊಳಗೆ ಗಾಳಿಯೋ ಆವಿಯೋ ಇದೆ. ದ್ರವವನ್ನು ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನಿಮ್ಮ ಬೆರಳಿನ ಬಲ ಪಿಸ್ಟನ್‌ಗೆ ಹೋಗುವ ಬದಲು ಆವಿಯನ್ನು ಅಮುಕುವುದಕ್ಕೇ ಮುಗಿದುಹೋಗುತ್ತದೆ. ನಿಮ್ಮದು ಎರಡನೆಯದು. ಅದಕ್ಕೇ ಹೊಸ ಪ್ಯಾಡ್‌ನಿಂದ ಏನೂ ಬದಲಾಗಲಿಲ್ಲ.

ಮಿನರಲ್ ಆಯಿಲ್ ತಾನಾಗಿ ಅಷ್ಟು ಬೇಗ ಕುದಿಯುವುದಿಲ್ಲ. ಆದರೆ ವರ್ಷಗಳಲ್ಲಿ ಒಂದೆರಡು ಹನಿ ನೀರು ಒಳಗೆ ಸೇರಿದರೆ ಅದು ಎಣ್ಣೆಯಲ್ಲಿ ಬೆರೆಯುವುದಿಲ್ಲ. ಎಣ್ಣೆಗಿಂತ ಭಾರ ಅಲ್ವಾ, ಎಲ್ಲಕ್ಕಿಂತ ಕೆಳಗಿರುವ ಕ್ಯಾಲಿಪರ್‌ಗೆ ಇಳಿದು ಕೂರುತ್ತದೆ. ಕ್ಯಾಲಿಪರ್ರೇ ಎಲ್ಲಕ್ಕಿಂತ ಬಿಸಿಯಾಗುವ ಜಾಗ. ಅಲ್ಲಿ 100 ಡಿಗ್ರಿ ದಾಟಿತೋ, ನೀರು ಆವಿಯಾಗುತ್ತದೆ. ಡಾಟ್ ಆಯಿಲ್ ಆದರೆ ನೀರನ್ನು ಹೀರಿಕೊಂಡು ತಾನೇ ದುರ್ಬಲವಾಗುತ್ತದೆ. ಡಾಟ್ 4ಕ್ಕೆ ಹೊಸದರಲ್ಲಿ ಕನಿಷ್ಠ 230 ಡಿಗ್ರಿ ಕುದಿಬಿಂದು ಇರಬೇಕು ಅನ್ನೋದು ನಿಯಮ. ನೀರು ಹೀರಿದ ಮೇಲೆ ಅದೇ ಲೆಕ್ಕ 155ಕ್ಕೆ ಇಳಿಯುತ್ತದೆ. ಹಾಗಾಗಿ ಡಾಟ್ ಹಾಕಿಬಿಟ್ಟರೆ ಚಿಂತೆ ಇಲ್ಲ ಅನ್ನೋದೂ ಸರಿಯಲ್ಲ.

ಇಳಿಜಾರುಪ್ರಿಯ:
ಅರ್ಥ ಆಯ್ತು ಸಾರ್. ಆದರೆ ನಾನು ವೇಗವಾಗಿ ಇಳಿಯುವುದೇ ಇಲ್ಲವಲ್ಲ? 25ರಿಂದ 30 ಕಿ.ಮೀ. ವೇಗ ದಾಟಲು ಬಿಡುವುದಿಲ್ಲ. ಅಷ್ಟಕ್ಕೇ 100 ಡಿಗ್ರಿ ಆಗುತ್ತದಾ?

ಎಣ್ಣೆಕೈ:
ಆಗುತ್ತದೆ, ಆರಾಮಾಗಿ ಅದನ್ನೂ ದಾಟುತ್ತದೆ. ಲೆಕ್ಕ ಹಾಕಿ: 85 ಕೆ.ಜಿ. ತೂಕ 400 ಮೀಟರ್ ಇಳಿದರೆ ಸುಮಾರು 333 ಕಿಲೋಜೂಲ್. ಒಂದು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಹೆಚ್ಚುಕಡಿಮೆ ಇಷ್ಟೇ ಸಾಕು. ಗಾಳಿ ಮತ್ತು ಟೈರ್ ಒಂದಷ್ಟು ತಿನ್ನುತ್ತವೆ. ಉಳಿದದ್ದೆಲ್ಲ ಬ್ರೇಕ್‌ಗೇ. ನಿಮ್ಮ ಲೆಕ್ಕದಲ್ಲಿ ಅದೂ ಹಿಂದಿನ ಒಂದೇ ರೋಟರ್‌ಗೆ. ಅಂಗೈಯಗಲದ ತೆಳು ಉಕ್ಕಿನ ತಟ್ಟೆ ಪಾಪ ಏನು ಮಾಡೀತು?

ವಿಚಿತ್ರ ಅಂದರೆ, ಹಿಡಿದುಕೊಂಡೇ ಮಧ್ಯಮ ವೇಗದಲ್ಲಿ ಇಳಿಯುವುದೇ ಬ್ರೇಕ್‌ಗೆ ಅತಿ ಕಷ್ಟ. ನಡೆಯುವಷ್ಟು ನಿಧಾನ ಇಳಿದರೆ ಶಾಖ ನಿಧಾನಕ್ಕೆ ಹುಟ್ಟುತ್ತದೆ, ಆರಲು ಸಮಯ ಇರುತ್ತದೆ. ನೇರ ರಸ್ತೆಯಲ್ಲಿ ಬಿಟ್ಟು ಓಡಿಸಿದರೆ ಗಾಳಿಯೇ ಬಹಳಷ್ಟು ಶಕ್ತಿ ತಿನ್ನುತ್ತದೆ, ಯಾಕೆಂದರೆ ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ನಡುವಿನ ವೇಗದಲ್ಲಿ ಎರಡೂ ಅನುಕೂಲ ಇಲ್ಲ. ಹಾಗಂತ ಸುಮ್ನೆ ಬಿಟ್ಟುಬಿಡಿ ಅಂತ ಹೇಳುತ್ತಿಲ್ಲ! 30ರಿಂದ 60ಕ್ಕೆ ಹೋದರೆ ನಿಲ್ಲಿಸಬೇಕಾದ ಶಕ್ತಿಯೂ ನಾಲ್ಕು ಪಟ್ಟು. ಮುಂದಿನ ತಿರುವು ಪೂರ್ತಿ ಕಾಣುವ ಕಡೆ ಮಾತ್ರ ಬಿಡಿ. ತಿರುವಿಗೆ ಮೊದಲೇ, ಸೈಕಲ್ ನೆಟ್ಟಗಿರುವಾಗ, ಎರಡೂ ಬ್ರೇಕ್ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ. ಆಮೇಲೆ ಬಿಟ್ಟು ತಿರುಗಿ. ಬಿಟ್ಟ ಹೊತ್ತಿನಲ್ಲೇ ರೋಟರ್‌ಗೆ ಗಾಳಿ ತಾಗಿ ತಣ್ಣಗಾಗುವುದು.

ಚೈನುಜಾರಿ:
ಡಾಟ್ ವಿಷಯ ಸರಿ, ತಿದ್ದಿಕೊಂಡೆ. ಮುಂದಿನದ್ದು ಸ್ವಲ್ಪ ಹೊತ್ತು, ಹಿಂದಿನದ್ದು ಸ್ವಲ್ಪ ಹೊತ್ತು ಹಿಡಿದರೆ ಆಗಲ್ವಾ? ಒಂದು ತಣ್ಣಗಾಗುವಾಗ ಇನ್ನೊಂದು ಕೆಲಸ ಮಾಡುತ್ತದೆ.

ಎಣ್ಣೆಕೈ:
ಹಲವರು ಹಾಗೆ ಮಾಡುತ್ತಾರೆ. ಒಂದನ್ನೇ ಹಿಡಿಯುವುದಕ್ಕಿಂತ ಮೇಲು. ನನಗೆ ಮಾತ್ರ ಎರಡನ್ನೂ ಒಟ್ಟಿಗೆ ಬಳಸುವುದೇ ಸರಿ ಅನ್ನಿಸುತ್ತದೆ. ಒಟ್ಟು ಶಾಖ ಅಷ್ಟೇ ಇದ್ದರೂ ಎರಡು ರೋಟರ್‌ಗೆ ಹಂಚಿದರೆ ಯಾವುದೂ ಮಿತಿ ಮೀರುವುದಿಲ್ಲ. ಅಲ್ಲದೆ ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಬರುತ್ತದೆ. ಹಿಂದಿನ ಚಕ್ರ ಹಗುರಾಗಿ ಜಾರುತ್ತದೆ, ಹಾಗಾಗಿ ನಿಜವಾಗಿ ನಿಲ್ಲಿಸುವುದು ಮುಂದಿನ ಬ್ರೇಕೇ. ಬಹಳ ಜನ ಅದನ್ನು ಮುಟ್ಟಲೂ ಹೆದರುತ್ತಾರೆ. ಸೊಂಟ ಹಿಂದಕ್ಕೆ ತಗ್ಗಿಸಿ, ಕೈ ಊರಿ, ಮೊದಲು ಮೆಲ್ಲಗೆ ಆಮೇಲೆ ಹೆಚ್ಚಿಸುತ್ತಾ ಒತ್ತಿದರೆ ಒಣ ರಸ್ತೆಯಲ್ಲಿ ಮಗುಚುವುದಿಲ್ಲ. ಒಮ್ಮೆಗೇ ಝಾಡಿಸಬಾರದು ಅಷ್ಟೆ. ಸಮತಟ್ಟು ಖಾಲಿ ಜಾಗದಲ್ಲಿ ಕಡಿಮೆ ವೇಗದಲ್ಲಿ ಅಭ್ಯಾಸ ಮಾಡಿ.

ಹಳೇಸ್ಪೋಕ್:
ಮಾಡಬೇಕಾದ ಕೆಲಸ: ಬ್ಲೀಡ್. ಸುಮ್ನೆ ಮೇಲಿನ ಗುಳ್ಳೆ ತೆಗೆಯುವುದಲ್ಲ, ಹಳೇ ಆಯಿಲ್ ಪೂರ್ತಿ ಹೊರಹಾಕಿ ಹೊಸದು ತುಂಬಬೇಕು. ಚಕ್ರ, ಪ್ಯಾಡ್ ಎರಡೂ ತೆಗೆದು ದೂರ ಇಡಿ, ಕ್ಯಾಲಿಪರ್‌ಗೆ ಬ್ಲೀಡ್ ಬ್ಲಾಕ್ (ಪ್ಯಾಡ್ ಜಾಗದಲ್ಲಿ ಪಿಸ್ಟನ್ ಹೊರಬರದಂತೆ ತಡೆಯುವ ತುಂಡು) ಸಿಕ್ಕಿಸಿ. ಪ್ಯಾಡ್‌ಗೆ ಒಂದು ಹನಿ ಎಣ್ಣೆ ತಾಗಿದರೂ ಅದು ಕೆಟ್ಟಿತು ಅಂತಲೇ ಇಟ್ಟುಕೊಳ್ಳಿ. ಮುಗಿದ ಮೇಲೆ ಕ್ಯಾಲಿಪರ್ ಅನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಪ್ಯಾಡ್, ಚಕ್ರ ಮತ್ತೆ ಹಾಕಿ, ಲಿವರ್ ಅನ್ನು ಒಂದು ನಿಮಿಷ ಬಿಗಿಯಾಗಿ ಒತ್ತಿ ಹಿಡಿಯಿರಿ. ಮೆಲ್ಲಗೆ ಒಳಗಿಳಿದರೆ ಎಲ್ಲೋ ಸೋರುತ್ತಿದೆ. ಅಂಥ ಸೈಕಲ್ ಇಳಿಜಾರಿಗೆ ಬೇಡ.

ರೋಟರ್ ದಪ್ಪವನ್ನೂ ಅಳೆದುಬಿಡಿ. ಶಿಮಾನೋ ರೋಟರ್ ಹೊಸದರಲ್ಲಿ 1.8 ಮಿ.ಮೀ. ಇರುತ್ತದೆ, 1.5ಕ್ಕೆ ಇಳಿದರೆ ಬದಲಿಸಬೇಕು. ಮೆಟಲ್ ಪ್ಯಾಡ್ ಹಾಕುವ ಯೋಚನೆ ಇದ್ದರೆ ರೋಟರ್ ಮೇಲೆ 'ರೆಸಿನ್ ಪ್ಯಾಡ್ ಓನ್ಲಿ' (ರಾಳದ ಪ್ಯಾಡ್ ಮಾತ್ರ) ಅಂತ ಇದೆಯಾ ನೋಡಿ. ಇದ್ದರೆ ಮೆಟಲ್ ಹಾಕಬೇಡಿ, ರೋಟರ್ ಬೇಗ ಸವೆಯುತ್ತದೆ.

ಇಳಿಜಾರುಪ್ರಿಯ:
ಬ್ಲೀಡ್ ಆಯ್ತು. ಕ್ಯಾಲಿಪರ್‌ನಿಂದ ಮೊದಲು ಬಂದ ಆಯಿಲ್ ಮಬ್ಬಾಗಿತ್ತು, ತಳದಲ್ಲಿ ನೀರಿನ ಹನಿಗಳು ಬೇರೆಯಾಗಿಯೇ ಕಾಣುತ್ತಿದ್ದವು. ಗಾಳಿಗುಳ್ಳೆಯೂ ಇತ್ತು. ರೋಟರ್ 1.7 ಇದೆ. ಅದೇ ಇಳಿಜಾರಿನಲ್ಲಿ ಎರಡೂ ಬ್ರೇಕ್ ಬಳಸಿ, ತಿರುವಿಗೆ ಮೊದಲು ಒತ್ತಿ, ಬಿಡುತ್ತಾ ಇಳಿದೆ. ಲಿವರ್ ಕೊನೆಯವರೆಗೂ ಗಟ್ಟಿಯಾಗಿತ್ತು. ಆದರೆ ಹಿಂದಿನ ಬ್ರೇಕ್ ಈಗ ಕಿರ್ ಅನ್ನುತ್ತದೆ, ಹಿಡಿತವೂ ಸ್ವಲ್ಪ ಕಡಿಮೆ ಅನ್ನಿಸುತ್ತದೆ. ಲಿವರ್ ಮಾತ್ರ ಮೆತ್ತಗಿಲ್ಲ.

ಹಳೇಸ್ಪೋಕ್:
ಗಟ್ಟಿ ಲಿವರ್, ಕಡಿಮೆ ಹಿಡಿತ. ಅಂದರೆ ಈಗ ಪ್ಯಾಡ್ ಕಡೆ ನೋಡಬೇಕು. ಹೊಸ ಪ್ಯಾಡ್ ಹಾಕಿಸಿದ ಮೇಲೆ ಪಳಗಿಸಿದಿರಾ? ಇಲ್ಲದಿದ್ದರೆ ಸಮತಟ್ಟು ರಸ್ತೆಯಲ್ಲಿ 20 ಕಿ.ಮೀ. ವೇಗಕ್ಕೆ ಬಂದು, ಹಿಂದಿನ ಬ್ರೇಕ್ ಮಾತ್ರ ಒತ್ತಿ ನಡಿಗೆಯ ವೇಗಕ್ಕೆ ಇಳಿಸಿ. ಪೂರ್ತಿ ನಿಲ್ಲಿಸಬೇಡಿ, ಬಿಟ್ಟು ಮತ್ತೆ ಶುರು ಮಾಡಿ. ಹೀಗೆ ಒಂದು ಇಪ್ಪತ್ತು ಸಲ. ಆಗಲೂ ಕಿರುಚಿದರೆ ಪ್ಯಾಡ್ ಬಿಚ್ಚಿ ಮೇಲ್ಮೈಯ ಫೋಟೊ ಹಾಕಿ, ಹೊಳೆಯುತ್ತಿದೆಯಾ, ಎಣ್ಣೆ ಕುಡಿದಿದೆಯಾ ನೋಡೋಣ. ರೋಟರ್ ತಣ್ಣಗಾದ ಮೇಲೆ ಬಿಚ್ಚಿ, ಬೆರಳು ಸುಟ್ಟುಕೊಳ್ಳಬೇಡಿ.