ಮಳೆಗಾಲದ ಮನೆಯೊಳಗೆ ಮಗುವಿನ ಫೋಟೊ: ಮುಖ ನೀಲಿ, ಕೈ ಮಸುಕು, ಅರ್ಧ ಕೆನ್ನೆ ಕಪ್ಪು

ತೋಟದಮನೆ, ಶಿರಸಿ:

ನಮ್ಮದು ಹಳೆಯ ಹೆಂಚಿನ ಮನೆ. ಜಗಲಿ ದಾಟಿದರೆ ನಡುಮನೆ; ಅದಕ್ಕೆ ಮರದ ಸರಳಿನ ಒಂದು ಸಣ್ಣ ಕಿಟಕಿ. ಹೊರಗೆ ತಗ್ಗಾದ ಸೂರು, ಅದರಾಚೆ ಅಡಿಕೆ ತೋಟ. ಮೂರು ವರ್ಷದ ಮಗಳು ಕಿಟಕಿಯ ಬಳಿ ಆಡುವಾಗ ಫ್ಲ್ಯಾಶ್ ಇಲ್ಲದೆ ಫೋಟೊ ತೆಗೆಯಬೇಕೆಂಬುದು ನನ್ನ ಆಸೆ. ಕ್ಯಾಮೆರಾದ ಜೊತೆಗೇ ಬಂದ 18-55 ಮಿ.ಮೀ. ಜೂಮ್ ಲೆನ್ಸ್ ಇದೆ. ಅದನ್ನು 55ಕ್ಕೆ ಎಳೆದು, ಲೆನ್ಸಿನ ತೆರವು ಎಫ್ 5.6 (ಈ ಅಂಕಿ ಚಿಕ್ಕದಾದಷ್ಟೂ ಬೆಳಕು ಹೆಚ್ಚು), ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ ಐಎಸ್‌ಒ 800 ಇಟ್ಟರೆ ಶಟರ್, ಅಂದರೆ ಬೆಳಕು ಒಳಗೆ ಬರುವ ಸಮಯ, 1/15 ಸೆಕೆಂಡ್ ತೋರಿಸುತ್ತದೆ. ಗೋಡೆ ಸ್ಪಷ್ಟವಾಗಿ ಬರುತ್ತದೆ, ಮಗು ಮಾತ್ರ ಮಸುಕು. ಕಿಟಕಿಯ ಕಡೆಯ ಕೆನ್ನೆ ನೀಲಿ, ಇನ್ನೊಂದು ಕೆನ್ನೆ ಕಪ್ಪು. ಟ್ಯೂಬ್‌ಲೈಟ್ ಹಾಕಿದರೆ ಬಣ್ಣ ಇನ್ನಷ್ಟು ಕೆಡುತ್ತದೆ. ಮಗುವಿನ ಚಿತ್ರವನ್ನು ಇಲ್ಲಿ ಹಾಕಲು ಮನೆಯವರು ಒಪ್ಪುವುದಿಲ್ಲ, ಹಾಗಾಗಿ ಮಾತಿನಲ್ಲೇ ವಿವರಿಸಿದ್ದೇನೆ. ಹೊಸ ಲೆನ್ಸ್ ಕೊಳ್ಳಲೇಬೇಕೇ?

ಮಸೂರ:

50 ಮಿ.ಮೀ. ಎಫ್ 1.8 ಲೆನ್ಸ್ ತೆಗೆದುಕೊಳ್ಳಿ. ಎಫ್ 5.6ಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. ಅದು ಆಗದಿದ್ದರೆ ಒಂದು ಫ್ಲ್ಯಾಶ್ ಕೊಂಡು ಮೇಲ್ಛಾವಣಿಗೆ ತಿರುಗಿಸಿ ಹೊಡೆಯಿರಿ.

ಅಘನಾಶಿನಿ, ಕುಮಟಾ:

ಮೇಲ್ಛಾವಣಿಗೆ ಹೊಡೆಯಿರಿ ಎಂದವರು ಮಲೆನಾಡಿನ ಹಳೆಯ ಮನೆಯೊಳಗೆ ತಲೆಯೆತ್ತಿ ನೋಡಿಲ್ಲವೆಂದು ಕಾಣುತ್ತದೆ. ಅಲ್ಲಿರುವುದು ಹೊಗೆ ಹಿಡಿದ ಕಪ್ಪು ತೊಲೆ, ಹಲಗೆಯ ಅಟ್ಟ. ಫ್ಲ್ಯಾಶಿನ ಬೆಳಕನ್ನು ಅದು ನುಂಗುತ್ತದೆಯೇ ಹೊರತು ಹಿಂದಿರುಗಿಸುವುದಿಲ್ಲ. ಪ್ರಶ್ನೆ ಕೇಳಿದವರು ಫ್ಲ್ಯಾಶ್ ಬೇಡ ಎಂದೂ ಹೇಳಿದ್ದಾರೆ. 50 ಮಿ.ಮೀ. ಒಳ್ಳೆಯ ಲೆನ್ಸ್, ನಿಜ. ಆದರೆ ಅಂಗಡಿಗೆ ಹೋಗುವ ಮೊದಲು ಕೈಯಲ್ಲಿರುವುದರಿಂದ ಎಷ್ಟು ದೂರ ಹೋಗಬಹುದು ಎಂದು ನೋಡೋಣ.

ಮೊದಲು ಮಸುಕು. ಇದು ನಿಮ್ಮ ಕೈ ನಡುಗಿದ್ದಲ್ಲ, ಮಗು ಅಲುಗಾಡಿದ್ದು. ಗೋಡೆ ಸ್ಪಷ್ಟವಾಗಿದೆ ಎಂದು ನೀವೇ ಬರೆದಿದ್ದೀರಿ. ಲೆನ್ಸಿನಲ್ಲಿರುವ ಸ್ಥಿರಗೊಳಿಸುವ ಸೌಲಭ್ಯ ನಿಮ್ಮ ಕೈಯನ್ನು ಹಿಡಿಯುತ್ತದೆ, ಮಗುವನ್ನು ಹಿಡಿಯುವುದಿಲ್ಲ. ಕುಳಿತು ಆಡುವ ಮಗುವಿಗೆ 1/125 ಬೇಕು, ಕುಣಿಯುವ ಮಗುವಿಗೆ 1/250 ಅಥವಾ ಅದಕ್ಕಿಂತ ವೇಗ. ಈಗ ಲೆಕ್ಕ ನೋಡಿ. ಜೂಮನ್ನು 55ರಿಂದ 24ರ ಸುತ್ತಮುತ್ತ ತಂದರೆ ಲೆನ್ಸ್ ಎಫ್ 4ರಷ್ಟು ತೆರೆದುಕೊಳ್ಳುತ್ತದೆ, ಬೆಳಕು ಎರಡು ಪಟ್ಟು. ಐಎಸ್‌ಒ 800ರಿಂದ 3200ಕ್ಕೆ ಏರಿಸಿದರೆ ನಾಲ್ಕು ಪಟ್ಟು. ಒಟ್ಟು ಎಂಟು ಪಟ್ಟಾಯಿತು. 1/15 ಇದ್ದದ್ದು 1/120ಕ್ಕೆ ಬಂತು, ಒಂದು ರೂಪಾಯಿ ಖರ್ಚಿಲ್ಲದೆ. ಇನ್ನೂ ಅಗಲಕ್ಕೆ, 18ಕ್ಕೆ ಹೋಗಿ ಮುಖದ ಹತ್ತಿರ ಹಿಡಿಯಬೇಡಿ. ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದಂತೆ ಕಾಣುತ್ತದೆ.

3200 ಎಂದರೆ ಕಾಳುಕಾಳಾಗಿ ಬರುತ್ತದೆ ಎಂಬ ಭಯ ಎಲ್ಲರಿಗೂ ಇದೆ. 800ರಲ್ಲಿ ಕತ್ತಲಾಗಿ ತೆಗೆದು ಆಮೇಲೆ ಬೆಳಗಿಸಿದರೂ ಕಾಳು ಬರುತ್ತದೆ, ಅದೂ ನೆರಳಿನ ಭಾಗದಲ್ಲಿ ಅಸಹ್ಯವಾಗಿ. ಮಸುಕಾದ ಮುಖವನ್ನಂತೂ ಯಾವ ತಂತ್ರಾಂಶವೂ ಸರಿಯಾಗಿ ತಿದ್ದುವುದಿಲ್ಲ. ಕಾಳನ್ನು ಸಹಿಸಿಕೊಳ್ಳಿ. ಮುದ್ರಿಸಿದಾಗ ಅದು ಅರ್ಧಕ್ಕರ್ಧ ಕಾಣುವುದೂ ಇಲ್ಲ.

ಇನ್ನು ಆ ನೀಲಿ. ಇರಚಲು ಹೊಡೆಯದಿರಲೆಂದು ಸೂರಿಗೆ ತಾಡಪತ್ರಿ ಕಟ್ಟಿದ್ದೀರಾ? ಯಾವ ಬಣ್ಣದ್ದು?

ತೋಟದಮನೆ, ಶಿರಸಿ:

ಕಟ್ಟಿದ್ದೇವೆ. ನೀಲಿ. ಜಗಲಿಯ ಉದ್ದಕ್ಕೂ.

ಅಘನಾಶಿನಿ, ಕುಮಟಾ:

ಹಾಗಾದರೆ ನಿಮ್ಮ ಕಿಟಕಿಗೆ ಆಕಾಶವೇ ಇಲ್ಲ, ಇರುವುದು ತಾಡಪತ್ರಿ. ಮಗುವಿನ ಕೆನ್ನೆಗೆ ಬೀಳುತ್ತಿರುವುದು ಅದರೊಳಗಿಂದ ಸೋಸಿ ಬಂದ ಬೆಳಕು. ಸಂದಿಯಲ್ಲಿ ತೋಟದ ಹಸಿರೂ ಸೇರಿರುತ್ತದೆ. ಇದಕ್ಕೆ ಟ್ಯೂಬ್‌ಲೈಟ್ ಬೆರೆಸಿದರೆ ಒಂದೇ ಮುಖದ ಮೇಲೆ ಎರಡು ಮೂರು ಬಣ್ಣದ ಬೆಳಕು. ಕ್ಯಾಮೆರಾದ ವೈಟ್ ಬ್ಯಾಲೆನ್ಸ್, ಅಂದರೆ ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ಹೊಂದಾಣಿಕೆ, ಒಂದು ಬೆಳಕಿನ ಬಣ್ಣವನ್ನು ಸರಿಪಡಿಸಿದರೆ ಇನ್ನೊಂದರದು ಕೆಡುತ್ತದೆ. ಆದ್ದರಿಂದ ಫೋಟೊ ತೆಗೆಯುವಾಗ ಮನೆಯ ದೀಪಗಳನ್ನೆಲ್ಲ ಆರಿಸಿ. ಕತ್ತಲೆನಿಸಿದರೂ ಆರಿಸಿ.

ನನಗೆ ಗೊತ್ತಿರುವ ಒಂದೇ ಪರೀಕ್ಷೆ ಇದು: ಮಗು ಕುಳಿತುಕೊಳ್ಳುವ ಜಾಗದಲ್ಲಿ ನೀವೇ ಕುಳಿತು, ನಿಮ್ಮ ಕಣ್ಣನ್ನು ಅದರ ಕಣ್ಣಿನ ಮಟ್ಟಕ್ಕೆ ತಂದು ಹೊರಗೆ ನೋಡಿ. ಬಿಳಿ ಆಕಾಶದ ಒಂದು ತುಂಡಾದರೂ ಕಾಣುತ್ತಿದೆಯೇ? ಕಂಡರೆ ಅಲ್ಲಿ ಫೋಟೊ ಬರುತ್ತದೆ, ಕಣ್ಣಲ್ಲಿ ಹೊಳಪಿನ ಚುಕ್ಕೆಯೂ ಬರುತ್ತದೆ. ಕಾಣುವುದು ಬರೀ ಸೂರು, ತೋಟ, ತಾಡಪತ್ರಿಯಾದರೆ ಜಾಗ ಬದಲಿಸಿ. ಕ್ಯಾಮೆರಾವನ್ನು ಮುಟ್ಟುವ ಮೊದಲು ಈ ಕೆಲಸ.

ನಿಮ್ಮಂಥ ಮನೆಯಲ್ಲಿ ಈ ಪರೀಕ್ಷೆಯಲ್ಲಿ ಗೆಲ್ಲುವುದು ಸಾಮಾನ್ಯವಾಗಿ ಕಿಟಕಿಯಲ್ಲ, ಬಾಗಿಲು. ಪುಸ್ತಕಗಳು ಕಿಟಕಿ ಎನ್ನುತ್ತವೆ, ಏಕೆಂದರೆ ಅವುಗಳನ್ನು ಬರೆದವರ ಕಿಟಕಿ ನಮ್ಮ ಬಾಗಿಲಿನಷ್ಟು ದೊಡ್ಡದು. ಬಾಗಿಲು ನೆಲದವರೆಗೆ ತೆರೆದಿರುತ್ತದೆ, ನೆಲದ ಮೇಲೆ ಕುಳಿತ ಮಗುವಿಗೆ ಬೆಳಕು ನೇರವಾಗಿ ಮುಟ್ಟುತ್ತದೆ. ಸೂರು ತಗ್ಗಾಗಿದ್ದಷ್ಟೂ ಕೆಳಗೆ ಕುಳಿತವರಿಗೇ ಆಕಾಶ ಹೆಚ್ಚು ಕಾಣುತ್ತದೆ, ನಿಂತವರಿಗೆ ಸೂರಿನ ಅಂಚು ಅಡ್ಡ ಬರುತ್ತದೆ. ಮಳೆ ಹೊಳವಾದಾಗ ಬಾಗಿಲ ಎದುರಿನ ತಾಡಪತ್ರಿಯನ್ನಷ್ಟೇ ಎತ್ತಿ ಕಟ್ಟಿ. ಹೊಸ್ತಿಲಿನಿಂದ ಎರಡು ಮೂರು ಅಡಿ ಒಳಗೆ ಮಣೆ ಹಾಕಿ ಆಟಿಕೆ ಇಡಿ. ಇಡೀ ಮೋಡ ನಿಮಗಾಗಿ ಬೆಳಕನ್ನು ಹದಗೊಳಿಸುತ್ತಿರುತ್ತದೆ. ಬಿಸಿಲುಗಾಲದಲ್ಲಿ ಇಂಥ ಬೆಳಕಿಗೆ ಹುಡುಕಾಡಬೇಕು.

ಕಪ್ಪು ಕೆನ್ನೆಗೆ ಬಿಳಿ ಪಂಚೆ ಸಾಕು. ಬಾಗಿಲಿನ ಎದುರು ಬದಿಯಲ್ಲಿ, ಚೌಕಟ್ಟಿನೊಳಗೆ ಬರದಂತೆ, ಕುರ್ಚಿಯ ಬೆನ್ನಿಗೆ ಹರವಿ ಮಗುವಿನ ಹತ್ತಿರ ಇಡಿ. ದೂರ ಇಟ್ಟರೆ ಪ್ರಯೋಜನವಿಲ್ಲ. ನೆರಳನ್ನು ಪೂರ್ತಿ ಅಳಿಸಬೇಡಿ. ಒಂದು ಕಡೆ ಸ್ವಲ್ಪ ಕತ್ತಲಿದ್ದರೇ ಮುಖಕ್ಕೆ ಉಬ್ಬುತಗ್ಗು. ಇಲ್ಲದಿದ್ದರೆ ಆಧಾರ್ ಕಾರ್ಡಿನ ಫೋಟೊದಂತೆ ಆಗುತ್ತದೆ.

ಕಾಳಿತೀರ, ಕಾರವಾರ:

ಕರಾವಳಿಯ ನಮ್ಮ ಗೋಳು ಇದಕ್ಕೆ ತದ್ವಿರುದ್ಧ. ಪಶ್ಚಿಮಕ್ಕೆ ಸಮುದ್ರ ಕಾಣುವ ದೊಡ್ಡ ಕಿಟಕಿ. ಮಳೆ ನಿಂತ ತಿಂಗಳುಗಳಲ್ಲಿ ಮಧ್ಯಾಹ್ನದ ಮೇಲೆ ಮಗು ಕಣ್ಣು ಬಿಡಲಾರದಷ್ಟು ಪ್ರಖರ ಬೆಳಕು. ಅದೇ ಪಂಚೆಯನ್ನು ಒಂದೇ ಪದರವಾಗಿ ಕಿಟಕಿಗೆ ಕಟ್ಟಿದರೆ ಬಿಸಿಲು ಮೆತ್ತಗಾಗುತ್ತದೆ. ಬಣ್ಣದ ಪರದೆ ಬೇಡ, ಅದರ ಬಣ್ಣ ಮುಖಕ್ಕೆ ಬರುತ್ತದೆ.

ಉತ್ತರದ ಕಿಟಕಿಗೆ ನೇರ ಬಿಸಿಲೇ ಬೀಳುವುದಿಲ್ಲ ಎಂಬ ಮಾತೂ ನಮ್ಮಲ್ಲಿ ಅರ್ಧ ಮಾತ್ರ ಸತ್ಯ. ಕಾರವಾರ, ಶಿರಸಿಗಳು 14ರಿಂದ 15 ಡಿಗ್ರಿ ಉತ್ತರ ಅಕ್ಷಾಂಶದ ನಡುವೆ ಇವೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಮೇ ತಿಂಗಳಿನಲ್ಲಿ ಬೆಳಿಗ್ಗೆ, ಸಂಜೆ ಉತ್ತರದ ಕಿಟಕಿಯಿಂದ ಓರೆ ಬಿಸಿಲು ಒಳಗೆ ಬರುವುದು ಅದಕ್ಕೇ. ನವೆಂಬರಿನಿಂದ ಫೆಬ್ರವರಿವರೆಗೆ ಆ ಕಿಟಕಿಯನ್ನು ಕಣ್ಣುಮುಚ್ಚಿ ನಂಬಬಹುದು.

ಇನ್ನೊಂದು ವಿಷಯ. ಈ ತೇವದಲ್ಲಿ ಲೆನ್ಸಿನೊಳಗೆ ಬೂಷ್ಟು ಬರುತ್ತದೆ. ಟಾರ್ಚ್ ಹಾಯಿಸಿ ನೋಡಿ, ಜೇಡರಬಲೆಯಂಥ ಎಳೆ ಕಂಡರೆ ಬೆಳಕಿಗೆ ಎದುರಾಗಿ ತೆಗೆದ ಚಿತ್ರವೆಲ್ಲ ಮಂಜು ಕವಿದಂತೆ ಬರುತ್ತದೆ. ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಚರ್ಮದ ಚೀಲದಲ್ಲಿ, ಬೀರುವಿನಲ್ಲಿ ಇಡಲೇಬೇಡಿ.

ತೋಟದಮನೆ, ಶಿರಸಿ:

ಲೆನ್ಸಿನಲ್ಲಿ ಬೂಷ್ಟು ಇಲ್ಲ. ತಾಡಪತ್ರಿಯ ಒಂದು ತುದಿ ಬಿಚ್ಚಿ, ಬಾಗಿಲ ಬಳಿ ಮಣೆ ಹಾಕಿದೆ. ಮಗು ಹೊಸ್ತಿಲ ಮೇಲೆ ಕೂರಲು ಹೋದದ್ದಕ್ಕೆ ಅತ್ತೆಯವರಿಂದ ಒಂದಿಷ್ಟು ಬೈಗುಳ ಬಂತು, ಅಷ್ಟೇ. 24ರಲ್ಲಿ, 3200ರಲ್ಲಿ ಶಟರ್ 1/250 ದಾಟಿತು. ನೀಲಿ ಹೋಯಿತು, ಕಣ್ಣಲ್ಲಿ ಬಾಗಿಲು ಚೌಕವಾಗಿ ಹೊಳೆಯುತ್ತಿದೆ. ಈಗ ಗದ್ದದ ಕೆಳಗೆ ಕೆಂಪು. ಬಾಗಿಲಿಗೆ ಬೆನ್ನು ಮಾಡಿ ಕುಳಿತರೆ ಮುಖ ಪೂರ್ತಿ ಕಪ್ಪು. ಪತಿಯ ಮೊಬೈಲಿನಲ್ಲಂತೂ ಈಗಲೂ ಎಲ್ಲ ಮಸುಕು.

ಅಘನಾಶಿನಿ, ಕುಮಟಾ:

ಕೆಂಪು ನಿಮ್ಮ ರೆಡ್ ಆಕ್ಸೈಡ್ ನೆಲದ್ದು. ಮಗುವಿನ ಮುಂದೆ ಬಿಳಿ ಬಟ್ಟೆಯನ್ನೋ ತಿಳಿಬಣ್ಣದ ಚಾಪೆಯನ್ನೋ ಹಾಸಿದರೆ ಹೋಗುತ್ತದೆ. ನಾನಾದರೆ ಬಿಡುತ್ತೇನೆ, ಆ ನೆಲದ ಕಾವು ಚರ್ಮಕ್ಕೆ ಚೆನ್ನಾಗಿಯೇ ಒಪ್ಪುತ್ತದೆ.

ಬೆನ್ನು ಮಾಡಿ ಕುಳಿತಾಗ ಕ್ಯಾಮೆರಾ ಹೊರಗಿನ ಬಿಳಿಯನ್ನು ನೋಡಿ ಬೆಳಕು ವಿಪರೀತವಾಯಿತೆಂದು ತಗ್ಗಿಸುತ್ತದೆ. ಎಕ್ಸ್‌ಪೋಷರ್ ಕಾಂಪನ್ಸೇಷನ್ ಅನ್ನು, ಅಂದರೆ ಕ್ಯಾಮೆರಾ ಲೆಕ್ಕ ಹಾಕಿದ ಬೆಳಕನ್ನು ನಾವು ಹೆಚ್ಚು ಕಡಿಮೆ ಮಾಡುವ ಗುಂಡಿಯನ್ನು, ಪ್ಲಸ್ 1ರಿಂದ ಪ್ಲಸ್ 2ರ ನಡುವೆ ಇಡಿ. ಹೊರಗಿನ ತೋಟ ಬಿಳುಚಿಕೊಳ್ಳುತ್ತದೆ, ಬಿಳುಚಿಕೊಳ್ಳಲಿ.

ಮೊಬೈಲಿನಲ್ಲಿ ನೈಟ್ ಮೋಡ್ ತಾನಾಗಿ ಚಾಲೂ ಆಗುತ್ತಿರಬೇಕು. ಅದು ಹಲವು ಚಿತ್ರಗಳನ್ನು ತೆಗೆದು ಬೆಸೆಯುತ್ತದೆ, ಅಷ್ಟರಲ್ಲಿ ಮಗು ಅಡುಗೆಮನೆ ಸೇರಿರುತ್ತದೆ. ಅದನ್ನು ಆರಿಸಿ, ಪರದೆಯ ಮೇಲೆ ಮಗುವಿನ ಮುಖವನ್ನು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಸೂರ್ಯನ ಚಿಹ್ನೆ ಬಂದರೆ ಬೆಳಕನ್ನು ಹೊಂದಿಸಿಕೊಳ್ಳಿ. ಆಮೇಲೆ ಒಂದರ ಹಿಂದೊಂದು ತೆಗೆಯುತ್ತಾ ಹೋಗಿ, ಬೇಡದ್ದನ್ನು ಅಳಿಸಿದರಾಯಿತು.