ಕೆರೆ ನೀರು ಹಸಿರು ಪೇಂಟ್ ಥರ ಆಗಿದೆ, ಮೀನು ಬಿಟ್ರೆ ಸರಿಹೋಗುತ್ತಾ?

ಏರಿಮೇಲಿನವ:
ಎಲ್ರಿಗೂ ನಮಸ್ಕಾರ. ನಮ್ಮೂರು ತುಮಕೂರು ಕಡೆ, ಊರ ಮುಂದೆ ಹನ್ನೆರಡು ಎಕರೆ ಕೆರೆ ಇದೆ. ಒಂದು ತಿಂಗಳಿಂದ ನೀರು ಪೂರ್ತಿ ಹಸಿರು, ಬೆಳಿಗ್ಗೆ ಹೊತ್ತು ಏರಿ ಪಕ್ಕ ಹಾಲಿನ ಕೆನೆ ಥರ ಕಟ್ಟಿರುತ್ತೆ, ಮಧ್ಯಾಹ್ನ ಅದು ಒಣಗಿ ಕಲ್ಲಿಗೆಲ್ಲ ನೀಲಿ ಬಣ್ಣ ಹತ್ತಿರುತ್ತೆ, ಹತ್ರ ನಿಲ್ಲಕ್ಕಾಗಲ್ಲ ಆ ವಾಸನೆಗೆ. ಒಬ್ರು ಮೈಲುತುತ್ತ ಹಾಕು ಅಂತಾರೆ, ಇನ್ನೊಬ್ರು ಬೆಳ್ಳಿ ಗೆಂಡೆ (ಸಿಲ್ವರ್ ಕಾರ್ಪ್) ಮೀನಿನ ಮರಿ ಬಿಡು ಪಾಚಿ ತಿಂದ್ಹಾಕುತ್ತೆ ಅಂತಾರೆ. ಊರ ದನ ಕುಡಿಯೋದು ಇದೇ ನೀರು. ಏನ್ ಮಾಡೋದು ಹೇಳಿ.

ನೀರಿನಹುಳ:
ಮೊದಲು ದನಗಳನ್ನ ಆ ಕಡೆ ಬಿಡ್ಬೇಡಿ, ಇವತ್ತಿಂದಾನೇ. ನೀಲಿ ಬಣ್ಣ ಅಂದ್ರಲ್ಲ, ಅದು ನೀಲಿ-ಹಸಿರು ಪಾಚಿ ಸತ್ತಾಗ ಬಿಡೋ ಬಣ್ಣ ಇರ್ಬಹುದು, ಮೈಕ್ರೋಸಿಸ್ಟಿಸ್ ಅನ್ನೋ ಜಾತಿಯಲ್ಲಿ ಇದು ಮಾಮೂಲು, ಅದರ ವಿಷ ನೇರ ಲಿವರ್‌ಗೆ ಹೊಡೆಯುತ್ತೆ. ಕೈಗೆ ಗ್ಲೌಸ್ ಹಾಕ್ಕೊಂಡು ಒಂದು ಕೋಲು ಅದ್ದಿ ಎತ್ತಿ ನೋಡಿ, ಕೂದಲ ಥರ ಎಳೆ ಎಳೆಯಾಗಿ ನೇತಾಡಿದ್ರೆ ಸಾಮಾನ್ಯ ಪಾಚಿ, ಪೇಂಟ್ ಬಳಿದಂಗೆ ಅಂಟಿದ್ರೆ ನೀಲಿ-ಹಸಿರು ಇರೋ ಸಾಧ್ಯತೆ ಜಾಸ್ತಿ. ಗಾಜಿನ ಬಾಟಲಲ್ಲಿ ನೀರು ತುಂಬಿ ರಾತ್ರಿಯಿಡೀ ಅಲ್ಲಾಡಿಸದೆ ಇಡಿ, ಬೆಳಿಗ್ಗೆ ಹಸಿರೆಲ್ಲ ಮೇಲೆ ತೇಲ್ತಿದ್ರೆ ನೀಲಿ-ಹಸಿರು ಪಾಚಿನೇ ಇರೋ ಸಾಧ್ಯತೆ ಜಾಸ್ತಿ. ಅದರ ಜೀವಕೋಶದೊಳಗೆ ಗಾಳಿ ತುಂಬಿದ ಚಿಕ್ಕ ಚಿಕ್ಕ ಚೀಲ ಇರ್ತವೆ, ಅದಕ್ಕೇ ತೇಲುತ್ತೆ, ಮೇಲೆ ಬಂದು ಬಿಸಿಲು ತಗೊಂಡು ಕೆಳಗಿರೋ ಪಾಚಿಗೆ ಬೆಳಕೇ ಬಿಡಲ್ಲ.

ಮೈಲುತುತ್ತ ಮಾತ್ರ ದಯವಿಟ್ಟು ಬೇಡ. ಪಾಚಿ ಒಡೆದು ಒಳಗಿದ್ದ ವಿಷ ಒಟ್ಟಿಗೇ ನೀರಿಗೆ ಬರುತ್ತೆ. ಆಸ್ಟ್ರೇಲಿಯಾದ ಪಾಮ್ ದ್ವೀಪದಲ್ಲಿ 1979ರಲ್ಲಿ ಕುಡಿಯೋ ನೀರಿನ ಡ್ಯಾಮಿಗೆ ಹೀಗೇ ತಾಮ್ರದ ಸಲ್ಫೇಟ್, ಅಂದ್ರೆ ಇದೇ ಮೈಲುತುತ್ತ ಹಾಕಿದ್ರು, ಆಮೇಲೆ ಕೆಲವೇ ದಿನಕ್ಕೆ 148 ಜನ ಕಾಯಿಲೆ ಬಿದ್ರು, ಅದರಲ್ಲಿ ಮುಕ್ಕಾಲುಪಾಲಿಗಿಂತ ಜಾಸ್ತಿ ಮಕ್ಕಳೇ.

ಗೆಂಡೆಮೀನು:
ಮೀನಿನ ವಿಷ್ಯ ನಾನು ಹೇಳ್ತೀನಿ, ಹದಿನೈದು ವರ್ಷದಿಂದ ಕೆರೆ ಹಿಡಿದು ಮೀನು ಸಾಕ್ತಿದೀನಿ. ಬೆಳ್ಳಿ ಗೆಂಡೆ ಪಾಚಿ ತಿನ್ನೋದು ನಿಜ. ಚೀನಾದ ವುಹಾನ್‌ನ ಡೊಂಗ್‌ಹು ಕೆರೆಯಲ್ಲಿ ಬೆಳ್ಳಿ ಗೆಂಡೆ, ದೊಡ್ಡ ತಲೆ ಗೆಂಡೆ ಎರಡನ್ನೂ ತುಂಬಾ ಬಿಟ್ಟಿದ್ರು, ವರ್ಷಾ ವರ್ಷ ಬೇಸಿಗೇಲಿ ಬರ್ತಿದ್ದ ಪಾಚಿ 1985ರಿಂದ ನಿಂತೋಯ್ತು. ಆದ್ರೆ ಎಲ್ಲಾ ಕಡೆ ಹಂಗಾಗಲ್ಲ. ಮೈಕ್ರೋಸಿಸ್ಟಿಸ್ ಸುತ್ತ ಲೋಳೆ ಇರುತ್ತೆ, ಅದರಿಂದ ಕೆಲವು ಪಾಚಿಕೋಶ ಮೀನಿನ ಹೊಟ್ಟೆಯೊಳಗಿಂದ ಜೀವಂತವಾಗೇ ಹೊರಗೆ ಬಂದುಬಿಡ್ತವೆ, ಪಾಚಿ ತಿನ್ನೋ ಡಾಫ್ನಿಯಾ ಅನ್ನೋ ನೀರುಹುಳ ಇದೆಯಲ್ಲ, ಅದನ್ನೂ ಮೀನೇ ನುಂಗುತ್ತೆ. ಇನ್ನೊಂದು, ಬೆಳ್ಳಿ ಗೆಂಡೆ ಹೊರಗಿನ ಮೀನು, ಹಿಮಾಚಲದ ಗೋಬಿಂದ್‌ಸಾಗರ ಜಲಾಶಯದಲ್ಲಿ ಅದು ಹೆಚ್ಚಾದ ಮೇಲೆ ನಮ್ಮ ಕಾಟ್ಲಾ ಮೀನು ಕಮ್ಮಿ ಆಯ್ತು. ಜಿಲೇಬಿ ಮೀನಂತೂ (ತಿಲಾಪಿಯಾ) ತಳ ಕೆದಕಿ ಹೂಳೆಬ್ಬಿಸಿ ಇನ್ನೂ ಗಲೀಜು ಮಾಡುತ್ತೆ. ಪಾಚಿ ಹೋಗುತ್ತೆ ಅಂತ ಪ್ಯಾಕೆಟ್‌ನಲ್ಲಿ ಬ್ಯಾಕ್ಟೀರಿಯಾ ಪುಡಿ ಮಾರೋರು ಬಂದ್ರೆ ದುಡ್ಡು ಕೊಡೋ ಮೊದಲು ಯೋಚಿಸಿ, ನಾನು ಒಂದು ಸಲ ಹಾಕಿ ನೋಡಿದೀನಿ, ಎರಡು ವಾರ ಬಿಟ್ಟು ಮತ್ತೆ ಅದೇ ಹಸಿರು.

ಓಹಾಯೋಕನ್ನಡಿಗ:
ನಾನಿರೋದು ಅಮೆರಿಕದ ಟೊಲೆಡೊದಲ್ಲಿ. 2014ರ ಆಗಸ್ಟ್‌ನಲ್ಲಿ ಎರಿ ಸರೋವರದಿಂದ ಬರೋ ನಲ್ಲಿ ನೀರಲ್ಲಿ ಇದೇ ಪಾಚಿ ವಿಷ ಸಿಕ್ಕಿ, ಕುಡೀಬೇಡಿ, ಕುದಿಸಲೂಬೇಡಿ ಅಂದ್ರು, ಕುದಿಸಿದ್ರೆ ವಿಷ ಹೋಗಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿ ಆಗುತ್ತೆ. ಮೂರು ದಿನ ಮಗುಗೆ ಹಾಲು ಕಲಸೋಕೂ ಬಾಟಲಿ ನೀರು. ಕಾರಣ ಹೊಲಗಳಿಂದ ಹರಿದು ಬರೋ ರಂಜಕ (ಫಾಸ್ಫರಸ್). ಕೆನಡಾದ 226 ನಂಬರ್ ಸರೋವರಕ್ಕೆ 1973ರಲ್ಲಿ ಮಧ್ಯ ಪರದೆ ಕಟ್ಟಿ ಎರಡೂ ಕಡೆ ಸಾರಜನಕ, ಇಂಗಾಲ ಹಾಕಿ, ರಂಜಕ ಒಂದೇ ಕಡೆ ಹಾಕಿದ್ರು, ಆ ಕಡೆ ಮಾತ್ರ ಹಸಿರಾಯ್ತು. ನಿಮ್ಮ ಕೆರೆಗೆ ಯಾವ ಕಾಲುವೆ ಬರುತ್ತೆ ಅಂತ ನೋಡಿ.

ಏರಿಮೇಲಿನವ:
ಎಲ್ರಿಗೂ ಥ್ಯಾಂಕ್ಸ್. ರಾತ್ರಿ ಬಾಟಲಲ್ಲಿ ಇಟ್ಟಿದ್ದೆ, ಬೆಳಿಗ್ಗೆ ಮೇಲೆ ಬೆರಳು ದಪ್ಪ ಹಸಿರು, ಕೆಳಗೆ ತಿಳಿ ನೀರು. ದನಗಳಿಗೆ ಬೋರ್‌ವೆಲ್ ತೊಟ್ಟಿ ಮಾಡಿದೀವಿ. ಕೆರೆಗೆ ಬೀಳೋದು ಎರಡು ಕಾಲುವೆ, ಒಂದು ಊರ ಬಚ್ಚಲು ನೀರು, ಇನ್ನೊಂದು ಮೇಲಿನ ಹೊಲಗಳದ್ದು, ಅಲ್ಲೆಲ್ಲ ರಂಜಕ ಇರೋ ಡಿಎಪಿ ಗೊಬ್ಬರ ಜೋರಾಗೇ ಹಾಕ್ತಾರೆ. ಬಚ್ಚಲು ನೀರನ್ನ ಕೆರೆಗೆ ಬೀಳೋ ಮೊದಲು ಜೊಂಡು ಬೆಳೆದಿರೋ ಗುಂಡಿಗೆ ತಿರುಗಿಸೋದು ಅಂತ ನಾಡಿದ್ದು ಪಂಚಾಯ್ತಿಯಲ್ಲಿ ಮಾತಾಡ್ತೀನಿ, ಮೀನಿನ ಮಾತು ಆಮೇಲೆ.